ಕಿಡಿ ಕಾರಿದವರಿಗೆ ಹೆಸರಿದೆ

2016ರ ಸೆಪ್ಟೆಂಬರ್ ತಿಂಗಳ ಕನ್ನಡ ಪತ್ರಿಕೆಗಳ ಕಟ್ಟನ್ನು ಗ್ರಂಥಾಲಯದಲ್ಲಿ ಬಿಚ್ಚಿ ಕೂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ತಮಿಳುನಾಡಿಗೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಬೆನ್ನಿಗೆ, 12ನೇ ತಾರೀಖು ಬೆಂಗಳೂರಿನಲ್ಲಿ ಹತ್ತಾರು ಬಸ್ಸು, ಲಾರಿಗಳು ಸುಟ್ಟುಹೋದವು. ಆ ವಾರವಿಡೀ ಪುಟಗಳ ನೆತ್ತಿಯ ಮೇಲೆ ‘ಕಾವೇರಿ ಕಿಚ್ಚು’ ಎಂಬ ಪಟ್ಟಿ ಮೆರೆಯಿತು. ಆರು ದಿನ ಕಳೆದು 18ರ ಬೆಳಗಿನ ಜಾವ ಕಾಶ್ಮೀರದ ಗಡಿಯ ಸೇನಾ ನೆಲೆಯೊಂದರ ಮೇಲೆ ಉಗ್ರರು ನುಗ್ಗಿದರು. ಡೇರೆಗಳಿಗೆ ಬೆಂಕಿ ಹತ್ತಿ ಮಲಗಿದ್ದ ಯೋಧರು ಸತ್ತರು. ಆ ಊರಿನ ಹೆಸರು ಉರಿ. ಕನ್ನಡ ಬಲ್ಲ ಯಾವ ಉಪಸಂಪಾದಕ ತಾನೇ ಆ ಎರಡು ಅಕ್ಷರ ಕಂಡು ಕೈ ಕಟ್ಟಿ ಕೂರಬಲ್ಲ?

ಹೀಗೆ ಒಂದೇ ವಾರದ ಪತ್ರಿಕೆಯಲ್ಲಿ ಟೈರು ಸುಟ್ಟ ಬೆಂಕಿ, ನದಿಗೆ ಅಂಟಿಸಿದ ಕಿಚ್ಚು, ಬರೀ ಹೆಸರಾಗಿ ಬಂದ ಉರಿ ಮೂರೂ ಅಕ್ಕಪಕ್ಕ ಕೂತವು. ಓದುಗ ಒಂದಿಷ್ಟೂ ಗೊಂದಲವಿಲ್ಲದೆ ಯಾವುದು ಸುಡುತ್ತದೆ, ಯಾವುದು ಸುಡುವುದಿಲ್ಲ ಎಂದು ಬೇರ್ಪಡಿಸಿಕೊಂಡು ಓದಿ, ಕಾಫಿ ಮುಗಿಸಿ, ಪತ್ರಿಕೆ ಮಡಿಸಿಟ್ಟ.

ಬೆಳಿಗ್ಗೆ ಪತ್ರಿಕೆ ಓದುವಾಗ ಬೆಂಕಿಗೆ ಸಂಬಂಧಪಟ್ಟ ಮಾತಿನ ಕೆಳಗೆ ಪೆನ್ಸಿಲ್ ಗೀಟು ಎಳೆಯುವ ಚಾಳಿ ನನಗೆ ಅಂಟಿ ವರ್ಷಗಳಾದವು. ಯಾವ ಮಾತು ನಿಜದ ಬೆಂಕಿಗೆ, ಯಾವುದು ಮಾತಿನ ಬೆಂಕಿಗೆ ಎಂದು ನೋಡುತ್ತ ಹೋದ ಹಾಗೆ ಒಂದು ಅನುಮಾನ ಬಲವಾಗುತ್ತ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಇಲ್ಲಿ ಮಾದರಿಗೆ ಕೊಟ್ಟ ತಲೆಬರಹಗಳನ್ನೆಲ್ಲ ನಾನೇ ಹೊಸೆದಿದ್ದೇನೆ. ಆದರೆ ಒಂದಾದರೂ ಓದುಗರಿಗೆ ಹೊಸದೆನಿಸಿದರೆ ಕೇಳಿ.

ಮೊದಲು ‘ಕಿಡಿ’. ಕನ್ನಡ ಪತ್ರಿಕೆಯಲ್ಲಿ ರಜೆಯೇ ಇಲ್ಲದೆ ದುಡಿಯುವ ಶಬ್ದ ಇದು. ‘ಸಚಿವರ ಹೇಳಿಕೆಗೆ ವಿಪಕ್ಷ ಕಿಡಿ’, ‘ಅನುದಾನ ತಾರತಮ್ಯ: ಸಂಸದ ಕಿಡಿ’, ‘ಕಳಪೆ ರಸ್ತೆ ವಿರುದ್ಧ ಗ್ರಾಮಸ್ಥರ ಕಿಡಿ’. ಕಾರಣ ದೊಡ್ಡದೇನಲ್ಲ. ಎರಡೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ. ‘ತೀವ್ರ ಅಸಮಾಧಾನ ವ್ಯಕ್ತಪಡಿಸಿದರು’ ಎಂದು ತಲೆಬರಹ ಬರೆಯಲು ಎರಡು ಕಾಲಂ ಬೇಕು. ‘ಕಿಡಿ’ಗೆ ಹೆಬ್ಬೆಟ್ಟಿನಗಲ ಜಾಗ ಸಾಕು. ರಾತ್ರಿ ಹನ್ನೊಂದಕ್ಕೆ ಪುಟ ಬಿಡಬೇಕಾದ ಡೆಸ್ಕಿನವನಿಗೆ ಅದು ಮೊಳೆ ಇದ್ದ ಹಾಗೆ, ಎಲ್ಲಿ ಬೇಕಾದರೂ ಹೊಡೆಯಬಹುದು. ತೊಂದರೆ ಏನೆಂದರೆ, ಆ ಪತ್ರಿಕಾಗೋಷ್ಠಿಗೆ ಹೋಗಿ ಬಂದವರನ್ನು ಕೇಳಿದರೆ ನಾಯಕರು ಕಾಗದ ನೋಡಿಕೊಂಡು ಓದಿದರು, ನಡುವೆ ಒಮ್ಮೆ ಆಕಳಿಸಿದರು, ಕೊನೆಗೆ ಎಲ್ಲರಿಗೂ ಬಾದಾಮಿ ಹಾಲು ಕೊಡಿಸಿದರು ಎನ್ನುತ್ತಾರೆ. ಕಿಡಿ ಹಾರಿದ್ದು ಡೆಸ್ಕಿನಲ್ಲಿ.

‘ಕಿಡಿ’ಯ ಜೊತೆಗೆ ಬರುವ ಕ್ರಿಯಾಪದವನ್ನು ಗಮನಿಸಿ. ಕಾರುವುದು. ಹಾವು ವಿಷ ಕಾರುತ್ತದೆ, ಕೂಸು ಕುಡಿದ ಹಾಲು ಕಾರುತ್ತದೆ, ನಮ್ಮ ನಾಯಕರು ಕಿಡಿ ಕಾರುತ್ತಾರೆ. ಹಿಂದಿ ಪತ್ರಿಕೆಯವರೂ ಹೆಚ್ಚು ಕಡಿಮೆ ನಮ್ಮಂತೆಯೇ ನಾಯಕರಿಂದ ಬೆಂಕಿ ಉಗುಳಿಸುತ್ತಾರೆ. ಆದರೆ ಪೂರ್ವಕ್ಕೆ ತೆಲುಗರಲ್ಲಿ ನಾಯಕ ‘ನಿಪ್ಪುಲು ಚೆರುಗು’ತ್ತಾನೆ, ಎಂದರೆ ಬೆಂಕಿಯನ್ನು ಮೊರದಲ್ಲಿ ಕೇರುತ್ತಾನೆ. ಉತ್ತರಕ್ಕೆ ಮರಾಠಿಯವರ ‘ಆಗಪಾಖಡ’ ಕೂಡ ಅದೇ. ಪಾಖಡಣೆ ಎಂದರೆ ಕೇರುವುದು. ಎರಡೂ ಪಕ್ಕದ ಮನೆಯವರು ಬೆಂಕಿಯನ್ನು ಮೊರಕ್ಕೆ ಹಾಕಿ ಕೇರುತ್ತಿರುವಾಗ ನಡುವೆ ಕೂತ ನಾವು ಮಾತ್ರ ವಾಂತಿ ಮಾಡಿಸುತ್ತಿದ್ದೇವೆ. ಕೇರುವ ಚಿತ್ರವೇ ಚೆಂದ ಎನಿಸುತ್ತದೆ ನನಗೆ: ಕೆಂಡ ಮೇಲೆ ಹಾರಿ, ಗಾಳಿಗೆ ಕೆಂಪಾಗಿ, ಯಾರ ಮೇಲೆ ಬೀಳುವುದೋ ಗೊತ್ತಾಗದೆ ಸುತ್ತಲಿನವರೆಲ್ಲ ಹಿಂದೆ ಸರಿಯುತ್ತಾರೆ.

ಪತ್ರಿಕೆಗೂ ಕಿಡಿಗೂ ನಂಟು ಹಳೆಯದು. ಲೆನಿನ್ ಮತ್ತು ಸಂಗಡಿಗರು 1900ರಲ್ಲಿ ಹೊರದೇಶದಲ್ಲಿ ಅಚ್ಚು ಹಾಕಿಸಿ ರಷ್ಯಾಕ್ಕೆ ಕಳ್ಳದಾರಿಯಲ್ಲಿ ಸಾಗಿಸಿದ ಪತ್ರಿಕೆಯ ಹೆಸರು ‘ಇಸ್ಕ್ರಾ’, ಕಿಡಿ ಎಂದೇ ಅರ್ಥ. ಬೆಂಗಳೂರಿನಲ್ಲೂ ‘ಕಿಡಿ’ ಎಂಬ ಪತ್ರಿಕೆ ಇತ್ತು. ಅದರ ಸಂಪಾದಕರನ್ನು ಜನ ಕಿಡಿ ಶೇಷಪ್ಪ ಎಂದೇ ಕರೆದರು. ಆಮೇಲೆ ‘ಅಗ್ನಿ’ ವಾರಪತ್ರಿಕೆ ಬಂತು, ಅದರ ಸಂಪಾದಕರೂ ಅಗ್ನಿ ಶ್ರೀಧರ್ ಆದರು. ಸುಡುವುದನ್ನೇ ಕಸುಬೆಂದು ಹಣೆಗೆ ಬರೆದುಕೊಂಡ ಪತ್ರಿಕೆಗಳಿವು. ಹಾಗೆ ಬರೆದುಕೊಳ್ಳದ ದಿನಪತ್ರಿಕೆಗಳಲ್ಲೂ ಸಿಟ್ಟಿನ ಶಾಖಕ್ಕೊಂದು ಅಳತೆಗೋಲಿದೆ: ಬೇಸರ, ಅಸಮಾಧಾನ, ಗರಂ, ಕಿಡಿ, ಕೆಂಡ, ಎಲ್ಲಕ್ಕೂ ಮೇಲೆ ಕೆಂಡಾಮಂಡಲ. ಟಿ.ವಿ. ವಾಹಿನಿಗಳು ಬಂದ ಮೇಲೆ ಈ ಅಳತೆಗೋಲಿನ ಕೆಳಗಿನ ಮೂರು ಗೆರೆ ಅಳಿಸಿಹೋಗಿವೆ. ಈಗ ಯಾರಿಗೂ ಬರೀ ಬೇಸರವಾಗುವುದಿಲ್ಲ.

ಕಿಡಿ ಒಬ್ಬನದಾದರೆ ‘ಭುಗಿಲು’ ಪಕ್ಷದ್ದು. ಒಣಹುಲ್ಲಿಗೆ ಬೆಂಕಿ ತಾಗಿದಾಗ ಗಾಳಿ ಎಳೆದುಕೊಂಡು ಒಮ್ಮೆಲೇ ಎದ್ದೇಳುವ ಸದ್ದು ಅದು. ಅನುಕರಣೆಯ ಮಾತು, ಹಳೆಯ ಕಾವ್ಯಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಇಂದು ಪತ್ರಿಕೆಯಲ್ಲಿ ‘ಭುಗಿಲೆದ್ದ’ ಎಂಬುದು ಕಂಡರೆ ಮುಂದಿನ ಶಬ್ದ ಭಿನ್ನಮತ ಎಂದು ಕಣ್ಣು ಮುಚ್ಚಿ ಹೇಳಬಹುದು. ಮತ್ತೆ ಆ ವರದಿಯ ನಡಿಗೆಯನ್ನು ನೋಡಿ. ಟಿಕೆಟ್ ಹಂಚಿಕೆಯ ಮೊದಲು ಅಸಮಾಧಾನ ಹೊಗೆಯಾಡುತ್ತದೆ. ಪಟ್ಟಿ ಹೊರಬಿದ್ದ ದಿನ ಭುಗಿಲೇಳುತ್ತದೆ. ಯಾರೋ ಒಬ್ಬರ ಹೇಳಿಕೆ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತದೆ. ವರಿಷ್ಠರು ಶಮನಕ್ಕೆ ವೀಕ್ಷಕರನ್ನು ಕಳಿಸುತ್ತಾರೆ. ಮೇಲ್ನೋಟಕ್ಕೆ ಎಲ್ಲ ತಣ್ಣಗಾದರೂ ಒಳಗೆ ಬೂದಿ ಮುಚ್ಚಿದ ಕೆಂಡ.

ಇದನ್ನು ಸವಕಲು ಎಂದು ನಗುವುದು ಸುಲಭ. ಆದರೆ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವರಿಗೆ ಓದಿ ಹೇಳಿದರೆ ತಲೆದೂಗಿಯಾರು, ಏಕೆಂದರೆ ಬೆಂಕಿ ನಿಜವಾಗಿ ವರ್ತಿಸುವುದು ಹೀಗೆಯೇ. ಮೊದಲು ಹೊಗೆ, ಆಮೇಲೆ ಗಾಳಿ ಸಿಕ್ಕಾಗ ಜ್ವಾಲೆ, ಜ್ವಾಲೆ ಹೋದ ಮೇಲೂ ಅಡಿಯಲ್ಲಿ ಕಣ್ಣಿಗೆ ಕಾಣದ ಕೆಂಡ. ಹತ್ತಿ ಗೋದಾಮು, ಹುಲ್ಲಿನ ಬಣವೆ, ಕಾಡಿನ ಬಿದ್ದ ಮರ ಇವುಗಳಲ್ಲಿ ಉರಿ ಆರಿದ ಮೇಲೂ ಗಂಟೆಗಟ್ಟಲೆ ಕೆದಕಿ ನೀರು ಹಾಯಿಸದಿದ್ದರೆ ಮರುದಿನ ಮತ್ತೆ ಹೊತ್ತಿಕೊಳ್ಳುತ್ತದೆ. ಅಗ್ನಿಶಾಮಕ, ಭಿನ್ನಮತ ಶಮನ ಎರಡರಲ್ಲೂ ಒಂದೇ ಧಾತು ಇರುವುದು ಸುಮ್ಮನೆ ಅಲ್ಲ. ಹೋಮದ ಕುಂಡ ಕಂಡ ನಾಡಿನವರಾದ್ದರಿಂದ ನಾವು ಸುರಿಯುವುದೂ ತುಪ್ಪವನ್ನೇ.

ನನ್ನ ಪೆನ್ಸಿಲ್ ಮೊದಲು ನಿಂತದ್ದು ಇಲ್ಲಿ. ಪಕ್ಷದ ಬೆಂಕಿಯನ್ನು ಹೊಗೆಯಿಂದ ಕೆಂಡದವರೆಗೆ ಹಂತ ಹಂತವಾಗಿ ಬೆನ್ನು ಹತ್ತುವ ಪತ್ರಿಕೆ, ಕಟ್ಟಡದ ಬೆಂಕಿಯನ್ನು ಎರಡು ವಾಕ್ಯದಲ್ಲಿ ಮುಗಿಸುತ್ತದೆ: ಬೆಂಕಿ ಹತ್ತಿತು, ನಂದಿಸಲಾಯಿತು. ಹೊಗೆಯ ಮಾತು ಅಲ್ಲಿ ಬರುವುದೇ ಅಪರೂಪ. ಕಟ್ಟಡದ ಬೆಂಕಿಯಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಮಹಡಿಗಳಲ್ಲಿ ಹೊಗೆ ತುಂಬಿ ಉಸಿರು ಕಟ್ಟಿದಾಗ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಹೊಗೆಯಾಡುವ ಅಸಮಾಧಾನವನ್ನು ವಾಸನೆಯಲ್ಲೇ ಹಿಡಿಯುವ ಮೂಗು, ಮೆಟ್ಟಿಲ ಬಾಗಿಲಿಗೆ ಬೀಗ ಜಡಿದ ಕಟ್ಟಡಗಳ ಮುಂದೆ ಯಾಕೋ ಕಟ್ಟಿಹೋಗುತ್ತದೆ.

‘ಕಿಚ್ಚು’ ಇವೆಲ್ಲಕ್ಕಿಂತ ಸಂಕೀರ್ಣ. ಹೊಟ್ಟೆಗೆ ಸೇರಿದರೆ ಅಸೂಯೆ, ನದಿಗೆ ಸೇರಿದರೆ ಚಳವಳಿ, ಕಾಡಿಗೆ ಸೇರಿದರೆ ಅನಾಹುತ, ಸಂಕ್ರಾಂತಿಗೆ ಸೇರಿದರೆ ಹಬ್ಬ. ಜನವರಿ 16ರ ಮಂಡ್ಯ, ಮೈಸೂರು ಆವೃತ್ತಿಗಳನ್ನು ತೆರೆದರೆ ಹುಲ್ಲು ಹರವಿ ಹೊತ್ತಿಸಿದ ಬೆಂಕಿಯನ್ನು ಹಾರಿ ಬರುವ ಎತ್ತುಗಳ ಚಿತ್ರ ಇದ್ದೇ ಇರುತ್ತದೆ, ಕೆಳಗೆ ‘ಕಿಚ್ಚು ಹಾಯಿಸಿ ಸಂಭ್ರಮಿಸಿದ ರೈತರು’. ಅರಿಸಿನ ಬಳಿದ ಮೈ, ಬಣ್ಣದ ಕೊಂಬು, ಹಗ್ಗ ಹಿಡಿದು ಜೊತೆಗೆ ಓಡುವ ಹುಡುಗರು. ಅದೇ ಮಂಡ್ಯದ ಅದೇ ಪತ್ರಿಕೆಯಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಅದೇ ಶಬ್ದ ಹೆದ್ದಾರಿ ತಡೆಯ ಮೇಲೆ ಕೂತಿರುತ್ತದೆ. ಒಂದು ಕಿಚ್ಚನ್ನು ದಾಟಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ, ಇನ್ನೊಂದರಲ್ಲಿ ಬಸ್ಸೂ ದಾಟುವುದಿಲ್ಲ.

ನಮ್ಮಲ್ಲಿ ಬೆಂಕಿ ಬರೀ ಕೇಡಲ್ಲ ಎಂಬುದಕ್ಕೆ ಜಿಲ್ಲಾ ಪುಟಗಳೇ ಸಾಕ್ಷಿ. ಚಾಮರಾಜನಗರದ ಕಡೆ ಕೊಂಡ ಹಾಯುತ್ತಾರೆ, ಕಲ್ಯಾಣ ಕರ್ನಾಟಕದಲ್ಲಿ ಮೊಹರಂಗೆ ಅಲಾಯಿ ಕುಣಿ ತೋಡಿ ಹಿಂದೂ ಮುಸ್ಲಿಮರಿಬ್ಬರೂ ಸುತ್ತ ಕುಣಿಯುತ್ತಾರೆ, ಕಟೀಲಿನಲ್ಲಿ ಜಾತ್ರೆಯ ಕೊನೆಗೆ ಉರಿಯುವ ಗರಿಯ ಸೂಡಿಗಳನ್ನು ಒಬ್ಬರ ಮೇಲೊಬ್ಬರು ಎಸೆಯುವ ತೂಟೆದಾರ ನಡೆಯುತ್ತದೆ. ಈ ವರದಿಗಳಲ್ಲಿ ಬೆಂಕಿಗೆ ಸೇವೆ, ಕೇಳಿ, ಹರಕೆ ಎಂಬ ಮರ್ಯಾದೆಯ ಮಾತುಗಳಿವೆ. ನಿಜದ ಬೆಂಕಿ ಪತ್ರಿಕೆಯಲ್ಲಿ ಗೌರವದಿಂದ ಕಾಣಿಸಿಕೊಳ್ಳುವುದು ಬಹುಶಃ ಇದೊಂದೇ ಜಾಗದಲ್ಲಿ.

‘ಕಾಳ್ಗಿಚ್ಚು’ ಮಾತ್ರ ಓದುಗರನ್ನು ದಾರಿ ತಪ್ಪಿಸುತ್ತ ಬಂದಿದೆ. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ತಾನಾಗಿ ಹುಟ್ಟಿ ತಾನಾಗಿ ಹರಡುವ ಏನೋ ಒಂದು. ಬಿದಿರು ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆಂದು ಶಾಲೆಯಲ್ಲಿ ಕಲಿತದ್ದೂ ಅದಕ್ಕೆ ಸೇರಿದೆ. ಬಂಡೀಪುರ, ನಾಗರಹೊಳೆಯಂಥ ಎಲೆಯುದುರುವ ಕಾಡುಗಳಲ್ಲಿ ಹೊತ್ತುವ ಬೆಂಕಿ ಹೆಚ್ಚೂ ಕಡಿಮೆ ಎಲ್ಲವೂ ಮನುಷ್ಯನ ಕೈಯದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ನಾಲ್ಕೈದು ದಿನ ಉರಿದಾಗ ಸುಮಾರು ಹತ್ತು ಸಾವಿರ ಎಕರೆ ಸುಟ್ಟಿತು. ಬೇಸಿಗೆಯ ಒಣಹುಲ್ಲು, ಲಂಟಾನದ ಪೊದೆ, ಬಿರುಗಾಳಿ ಎಲ್ಲ ಸೇರಿದ್ದವು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಬೆಂದು ಸತ್ತಿದ್ದರು. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಬೆಂಕಿ ಆರಿಸುವ ಈ ಜನರ ಕಸುಬಿನ ಮಾತು ‘ಬೆಂಕಿ ರೇಖೆ’. ಬೇಸಿಗೆಗೆ ಮುಂಚೆ ಹುಲ್ಲು ಸವರಿ, ಸುಟ್ಟು, ಬೆಂಕಿ ದಾಟದಂತೆ ಬಿಡುವ ಬಯಲು ಪಟ್ಟಿ. ಪತ್ರಿಕೆಗಳಲ್ಲಿ ಈ ಮಾತು ಫೆಬ್ರವರಿಯಲ್ಲಿ ಒಂದೆರಡು ಸಲ ಬರುತ್ತದೆ. ಕಾಳ್ಗಿಚ್ಚು ಎಂಬ ಉಪಮೆ ವರ್ಷವಿಡೀ ಬರುತ್ತದೆ.

ಇಷ್ಟು ಹೊತ್ತು ನೋಡಿದ ಕಿಡಿ, ಭುಗಿಲು, ಕಿಚ್ಚು, ಕೆಂಡ, ಹೊಗೆ ಎಲ್ಲ ಒಲೆಯ ಮುಂದೆ ಕೂತವರ ಭಾಷೆ. ಅವನ್ನೆಲ್ಲ ರಾಜಕೀಯ ಎತ್ತಿಕೊಂಡು ಹೋದ ಮೇಲೆ ನಿಜದ ಬೆಂಕಿ ಬಿದ್ದ ದಿನ ಪತ್ರಿಕೆಯ ಕೈಯಲ್ಲಿ ಏನು ಉಳಿಯುತ್ತದೆ? ಅಗ್ನಿ ಅವಘಡ. ಅಗ್ನಿ ದುರಂತ. ಸಜೀವ ದಹನ. ಭಸ್ಮ. ಎಲ್ಲಕ್ಕಿಂತ ಹೆಚ್ಚಾಗಿ, ಆಹುತಿ.

ಆಹುತಿ ಎಂದರೆ ಮಂತ್ರ ಹೇಳಿ, ದೇವತೆಯ ಹೆಸರು ಹಿಡಿದು, ಬೇಕೆಂದೇ ಬೆಂಕಿಗೆ ಅರ್ಪಿಸುವ ಹವಿಸ್ಸು. ಪತ್ರಿಕೆಯಲ್ಲಿ ಪೀಠೋಪಕರಣದ ಅಂಗಡಿ, ಕಬ್ಬಿನ ಗದ್ದೆ, ಚಲಿಸುತ್ತಿದ್ದ ಕಾರು, ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಎಲ್ಲವೂ ಬೆಂಕಿಗೆ ಆಹುತಿ. ಇದರ ಒಡಹುಟ್ಟು ‘ಬಲಿ’. ಅಪಘಾತಕ್ಕೆ ಮೂವರು ಬಲಿ, ಡೆಂಗಿಗೆ ಬಾಲಕಿ ಬಲಿ. ಹೀಗೆ ನಮ್ಮ ಸಾವಿನ ಸುದ್ದಿಗೆಲ್ಲ ಯಜ್ಞದ ವ್ಯಾಕರಣ ಹತ್ತಿಕೊಂಡಿದೆ. ಯಜ್ಞ ಎಂದಮೇಲೆ ಯಜಮಾನ ಬೇಕು, ಫಲ ಪಡೆಯುವವನು ಬೇಕು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ 1981ರ ಫೆಬ್ರವರಿ 7ರಂದು ಹೊತ್ತಿ ಉರಿದು ತೊಂಬತ್ತೆರಡು ಜನ ಸತ್ತರು, ಬಹುಪಾಲು ಮಕ್ಕಳು. ಅವರು ಯಾವ ದೇವತೆಗೆ ಆಹುತಿ? ಅರ್ಪಿಸಿದವರು ಯಾರು? ಆ ಪದ ಇಂಥ ಪ್ರಶ್ನೆಗಳನ್ನು ಏಳಗೊಡುವುದಿಲ್ಲ. ಪವಿತ್ರವಾದ ಹೊಗೆ ಕಟ್ಟಿಸಿ, ಕಣ್ಣುರಿ ಬರಿಸಿ, ಕೈಮುಗಿದು ಹೊರಡುವಂತೆ ಮಾಡುತ್ತದೆ.

ಇದೇ ಪದದ ಇನ್ನೊಂದು ಸಾಹಸ ‘ಆತ್ಮಾಹುತಿ’. ಮೈಗೆ ಸ್ಫೋಟಕ ಕಟ್ಟಿಕೊಂಡು ಸಂತೆಯಲ್ಲಿ ಸಿಡಿಯುವವನನ್ನು ನಮ್ಮ ಪತ್ರಿಕೆಗಳು ಆತ್ಮಾಹುತಿ ಬಾಂಬರ್ ಎನ್ನುತ್ತವೆ. ಅವನ ಸಂಘಟನೆಯವರು ಅವನಿಗೆ ಕೊಡಬಯಸುವ ಬಿರುದನ್ನೇ ನಾವು ಸಂಸ್ಕೃತದಲ್ಲಿ ದಯಪಾಲಿಸುತ್ತಿದ್ದೇವೆ. ‘ಮಾನವ ಬಾಂಬ್’ ಎಂಬ ಒರಟು ಮಾತು ಚಲಾವಣೆಯಲ್ಲಿತ್ತು. ಅದು ಎಷ್ಟೋ ಪ್ರಾಮಾಣಿಕವಾಗಿತ್ತು.

ಈಗ ಆ ಅನುಮಾನಕ್ಕೆ ಬರುತ್ತೇನೆ. ಕನ್ನಡದಲ್ಲಿ ಬೆಂಕಿಯ ಜೊತೆ ಬರುವ ಕ್ರಿಯಾಪದಗಳಲ್ಲಿ ಎರಡು ಪಂಗಡ. ಬೆಂಕಿ ಬೀಳುತ್ತದೆ, ಹತ್ತುತ್ತದೆ, ತಗುಲುತ್ತದೆ, ಹೊತ್ತಿಕೊಳ್ಳುತ್ತದೆ; ಇಲ್ಲೆಲ್ಲ ಬೆಂಕಿಯೇ ಕರ್ತೃ. ಬೆಂಕಿ ಹಚ್ಚುತ್ತಾರೆ, ಇಡುತ್ತಾರೆ, ಇಕ್ಕುತ್ತಾರೆ. ಇಲ್ಲಿ ಮನುಷ್ಯ ಇದ್ದಾನೆ. ‘ಹತ್ತು’, ‘ಹಚ್ಚು’ ಒಂದೇ ಬೇರಿನ ಎರಡು ಚಿಗುರು. ನಡುವಿನ ವ್ಯತ್ಯಾಸ ಒಂದು ಒತ್ತಕ್ಷರದ್ದು, ಜೊತೆಗೆ ಕಡ್ಡಿ ಗೀರಿದ ಒಂದು ಕೈಯದು. ಮಾತಿನ ಬೆಂಕಿಯ ತಲೆಬರಹಗಳನ್ನು ನೋಡಿ: ಯಾರು ಕಿಡಿ ಕಾರಿದರು, ಯಾರ ವಿರುದ್ಧ ಕಾರಿದರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ಚಾಚೂ ತಪ್ಪದೆ ಇರುತ್ತದೆ. ನಿಜದ ಬೆಂಕಿಯ ತಲೆಬರಹಗಳಲ್ಲಿ ಕರ್ತೃ ಇರುವುದಿಲ್ಲ. ಆಕಸ್ಮಿಕ ಬೆಂಕಿ, ತಗುಲಿದ ಬೆಂಕಿ, ಶಾರ್ಟ್ ಸರ್ಕ್ಯೂಟ್‌ನಿಂದ ಹತ್ತಿಕೊಂಡಿದೆ ಎನ್ನಲಾದ ಬೆಂಕಿ. ಸುಡದ ಬೆಂಕಿಗೆಲ್ಲ ಒಡೆಯನಿದ್ದಾನೆ, ಸುಡುವ ಬೆಂಕಿ ಅನಾಥ.

ಈ ವ್ಯಾಕರಣ ಅತಿ ಕ್ರೂರವಾಗಿ ಕೆಲಸ ಮಾಡಿದ್ದು ಅಡುಗೆಮನೆಯ ಸುದ್ದಿಗಳಲ್ಲಿ. ಎಂಬತ್ತು, ತೊಂಬತ್ತರ ದಶಕದ ಪತ್ರಿಕೆಗಳ ಒಳಪುಟದಲ್ಲಿ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸಿಂಗಲ್ ಕಾಲಂ ಸುದ್ದಿ ಹವಾಮಾನ ವರದಿಯಷ್ಟೇ ಸಹಜವಾಗಿ ಬರುತ್ತಿತ್ತು. ಸ್ಟೌ ಯಾಕೆ ಸೊಸೆಯ ಮೇಲೆಯೇ ಸಿಡಿಯುತ್ತದೆ, ಅತ್ತೆ ಕಾಫಿ ಕಾಸುವಾಗ ಯಾಕೆ ಸಿಡಿಯುವುದಿಲ್ಲ ಎಂದು ಕೇಳಿದವರು ಹೆಂಗಸರ ಸಂಘಟನೆಗಳು. ಬೆಂಗಳೂರಿನ ವಿಮೋಚನಾದವರು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಪೊಲೀಸ್ ದಾಖಲೆಗಳನ್ನು ಹುಡುಕಿ, ‘ಆಕಸ್ಮಿಕ’ ಎಂದು ಬರೆದ ಸಾವುಗಳ ಹಿಂದಿನ ಕಥೆ ಕೆದಕಿದರು. 1983ರಲ್ಲಿ ದಂಡ ಸಂಹಿತೆಗೆ 498ಎ ಸೇರಿತು, 1986ರಲ್ಲಿ ವರದಕ್ಷಿಣೆ ಸಾವಿಗೆಂದೇ 304ಬಿ ಬಂತು. ಕಾನೂನು ತನ್ನ ಕ್ರಿಯಾಪದವನ್ನು ಬದಲಿಸಿಕೊಂಡರೂ ಸುದ್ದಿಯ ಸ್ಟೌ ಬಹಳ ವರ್ಷ ತಾನಾಗಿಯೇ ಸಿಡಿಯುತ್ತಿತ್ತು.

ಕರ್ತೃ ಇಲ್ಲದ ವಾಕ್ಯ ಪತ್ರಿಕೆಯಲ್ಲಷ್ಟೇ ಇರುತ್ತದೆ ಎಂದೂ ಅಲ್ಲ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಅಂದು ಯಾರೂ ‘ತಗುಲಿತು’ ಎಂದು ಬರೆಯಲಾಗುವಂತಿರಲಿಲ್ಲ. ಹೊರಗಿನಿಂದ ಬಾಗಿಲು ಹಾಕಿ ಹಚ್ಚಿದ ಬೆಂಕಿ ಅದು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬೆಂಕಿ ಹಚ್ಚಲಾಯಿತು ಎಂಬ ಕರ್ಮಣಿ ಪ್ರಯೋಗ ಅಲ್ಲಿಗೆ ಕಾನೂನಿನ ಭಾಷೆಯೂ ಆಯಿತು.

ವರದಿಗಾರರ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ, ನಿಜ. ಸ್ಥಳಕ್ಕೆ ಹೋದವನಿಗೆ ಸಿಗುವುದು ಠಾಣೆಯ ಎರಡು ಸಾಲು, ಮಾಲೀಕನ ‘ಲಕ್ಷಾಂತರ ರೂಪಾಯಿ ನಷ್ಟ’, ಲೈನ್‌ಮ್ಯಾನ್‌ನ ಮೌನ. ತನಿಖೆಗೆ ಮೊದಲೇ ಹೆಸರು ಬರೆದರೆ ಮಾನನಷ್ಟದ ನೋಟಿಸು ಬರುತ್ತದೆ. ಆದ್ದರಿಂದ ‘ಎನ್ನಲಾಗಿದೆ’. ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಬೆಂಕಿಯೇ ಕಣ್ಣೆದುರು ಇದ್ದರೂ ಹೊಗೆಯನ್ನಷ್ಟೇ ಬರೆಯುವುದು ಪತ್ರಿಕೋದ್ಯಮದ ಮೊದಲ ಪಾಠ. ಆದರೆ ‘ಶಾರ್ಟ್ ಸರ್ಕ್ಯೂಟ್’ ವಿಷಯದಲ್ಲಿ ನನಗೆ ಸಹನೆ ಕಡಿಮೆ. ವಿಧಿಗೆ ನಾವು ಇಟ್ಟ ಹೊಸ ಹೆಸರು ಅದು. ತಂತಿ ತಾನಾಗಿ ಶಾರ್ಟ್ ಆಗುವುದಿಲ್ಲ. ತೆಳು ತಂತಿಯ ಮೇಲೆ ನಾಲ್ಕು ಎ.ಸಿ. ಹೊರಿಸಿದವರು ಯಾರೋ ಇರುತ್ತಾರೆ, ಫ್ಯೂಸಿನ ಬದಲು ದಪ್ಪ ತಂತಿ ಸುತ್ತಿದವರು ಇರುತ್ತಾರೆ, ಕಬ್ಬಿನ ಗದ್ದೆಯ ಮೇಲೆ ಜೋತುಬಿದ್ದ ವಿದ್ಯುತ್ ತಂತಿಯನ್ನು ಬಿಗಿಯಬೇಕೆಂದು ರೈತ ಕೊಟ್ಟ ಅರ್ಜಿ ಯಾವುದೋ ಕಡತದಲ್ಲಿ ಇರುತ್ತದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಸುಟ್ಟು ನಲವತ್ತೈದು ಜನ ಸತ್ತಾಗ ಅದು ರಸ್ತೆಯ ಮೋರಿಗೆ ಬಡಿದದ್ದು, ಇಂಧನದ ಟ್ಯಾಂಕ್ ಒಡೆದದ್ದು, ಬಾಗಿಲು ತೆರೆಯದೇ ಹೋದದ್ದು ಒಂದೊಂದಾಗಿ ಹೊರಬಂದವು. ಪ್ರತಿಯೊಂದೂ ಒಬ್ಬ ಮನುಷ್ಯನ ಕೆಲಸ ಅಥವಾ ಮಾಡದೇ ಬಿಟ್ಟ ಕೆಲಸ. ಆಹುತಿ ಎಂಬ ಒಂದೇ ಪದ ಇದನ್ನೆಲ್ಲ ನುಂಗಿ ನೀರು ಕುಡಿಯುತ್ತದೆ.

ಕರ್ತೃವಿಗಾಗಿ ಹುಡುಕಿದರೆ ಪತ್ರಿಕೆಯಲ್ಲಿ ಸಿಗುವವನು ಒಬ್ಬನೇ, ‘ಕಿಡಿಗೇಡಿ’. ಬಣವೆಗೆ, ಕಾಡಿಗೆ, ಪ್ರತಿಮೆಯ ಹಾರಕ್ಕೆ, ನಿಲ್ಲಿಸಿದ ಬೈಕಿಗೆ ಬೆಂಕಿ ಹಚ್ಚುವವನು ಇವನೇ. ಈ ಪದದಲ್ಲಿರುವುದು ಬೆಂಕಿಯ ಕಿಡಿಯೋ, ‘ಕೆಡು’ ಎಂಬುದರ ಹಳೆಯ ರೂಪ ‘ಕಿಡು’ವೋ ಎಂದು ಭಾಷೆ ಬಲ್ಲವರು ವಾದಿಸಲಿ, ನಮ್ಮ ಕಿವಿಗಂತೂ ಕಿಡಿಯೇ ಕೇಳುತ್ತದೆ. ಹೆಸರಿಲ್ಲ, ಮುಖವಿಲ್ಲ, ಊರಿಲ್ಲ, ಸದಾ ಪರಾರಿ. ಅಂಕಿತನಾಮ ಸಿಗದ ಊರಲ್ಲಿ ಇವನೊಬ್ಬ ಸಾರ್ವತ್ರಿಕ ಸರ್ವನಾಮ.

ಇನ್ನು ‘ಅಗ್ನಿಪರೀಕ್ಷೆ’ಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀತೆ ತಾನು ಮಾಡದ ತಪ್ಪಿಗೆ ಬೆಂಕಿ ಹೊಕ್ಕವಳು, ಸುಡದೆ ಹೊರಬಂದವಳು. ನಮ್ಮಲ್ಲಿ ವಿಶ್ವಾಸಮತ ಯಾಚಿಸುವ ಪ್ರತಿ ಸರ್ಕಾರಕ್ಕೂ ಅಗ್ನಿಪರೀಕ್ಷೆ. 2019ರ ಜುಲೈ 23ರಂದು ಮೈತ್ರಿ ಸರ್ಕಾರ 99 ಮತಕ್ಕೆ 105ರ ಎದುರು ಬಿದ್ದಾಗಲೂ ಅದೇ ಮಾತು. ಸುಟ್ಟುಹೋದರೂ, ಪಾಸಾದರೂ, ನಿರ್ದೋಷಿಯ ಪಟ್ಟವನ್ನು ಮುಂಗಡವಾಗಿಯೇ ಕೊಟ್ಟಾಯಿತಲ್ಲ.

ರೂಪಕವೆಲ್ಲ ಬಾಯಿ ಮುಚ್ಚಿಕೊಂಡ ಒಂದು ಸಂದರ್ಭ ಇದೆ. 2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಉರಿದಾಗ ಆರಿಸಲು ಸೇನೆಯ ಯೋಧರೇ ಬಕೆಟ್ ಹಿಡಿದು ಬಂದರು. ನೀರಿಗೆ ಬೆಂಕಿ ಬೀಳುವುದು ಅಲ್ಲಿಯವರೆಗೆ ಒಗಟಿನಲ್ಲಿ, ಶಾಪದಲ್ಲಿ, ಕಾಲಜ್ಞಾನದ ಮಾತಿನಲ್ಲಿ ಇರಬಹುದಾದ ಸಂಗತಿ. ಆ ದಿನಗಳ ತಲೆಬರಹಗಳಿಗೆ ಒಗ್ಗರಣೆ ಬೇಕಿರಲಿಲ್ಲ. ‘ಕೆರೆಗೆ ಬೆಂಕಿ’ ಎಂಬ ಎರಡು ಪದ ಸಾಕಾಗಿದ್ದವು.

ಆ ನೀರು ಎಲ್ಲಿಯದು ಎಂದು ಸ್ವಲ್ಪ ಯೋಚಿಸಿ. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಕಾವೇರಿಯದು, ನೂರು ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿಯ ಪಂಪುಗಳು ಎತ್ತಿ ತಳ್ಳಿದ್ದು. ಅದು ನಗರದ ಬಚ್ಚಲು, ಶೌಚಾಲಯ, ಕಾರ್ಖಾನೆ ದಾಟಿ ರಾಜಕಾಲುವೆಗೆ ಬಿದ್ದು ಬೆಳ್ಳಂದೂರು ಸೇರುತ್ತದೆ. ಅಲ್ಲಿ ಶುದ್ಧವಾಗದ ಕೊಳಚೆ ಕೊಳೆತು ಮೀಥೇನ್ ಆಗಿ, ಮೇಲೆ ಒಣಗಿದ ಕಳೆಯೂ ನೊರೆಯೂ ಕೂಡಿ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ವರ್ತೂರು, ದಕ್ಷಿಣ ಪಿನಾಕಿನಿ, ಕೊನೆಗೆ ತಮಿಳುನಾಡು. ಹತ್ತಾರು ವರ್ಷ ಮಾತಿನಲ್ಲಿ ಬರೆದ ‘ಕಾವೇರಿ ಕಿಚ್ಚು’ ಅಕ್ಷರಶಃ ನಡೆದದ್ದು ಈ ಕೆರೆಯಲ್ಲಿ. ಆದರೆ ಆ ಪಟ್ಟಿಯನ್ನು ಪುಟದ ನೆತ್ತಿಯ ಮೇಲೆ ಆಗ ಯಾರೂ ಹಾಕಲಿಲ್ಲ. ಅದು ಇನ್ನೊಂದು ಬೆಂಕಿಗೆ ಕಾದಿರಿಸಿದ ಪಟ್ಟಿ.

ಹೊಸ ಹುಡುಗರು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತಿದ್ದಾರೆ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಬೆಂಕಿ ಬೈಗುಳ; ನಿನ್ನ ಬಾಯಿಗೆ ಬೆಂಕಿ ಹಾಕ, ನಿನ್ನ ಬಣ್ಣಕ್ಕೆ ಬೆಂಕಿ ಹಾಕ. ಈಗಿನವರಿಗೆ ಹಾಡು ಬೆಂಕಿ, ಟ್ರೇಲರ್ ಬೆಂಕಿ, ಬೌಲಿಂಗ್ ಬೆಂಕಿ. ಸಿನಿಮಾ ಪುಟದಲ್ಲೂ ಆಟದ ಪುಟದಲ್ಲೂ ಈ ಬೆಂಕಿ ಆಗಲೇ ಹೊತ್ತಿಕೊಂಡಿದೆ. ‘ಸಾರು ಬೆಂಕಿ ಅಜ್ಜಿ’ ಎಂದ ಮೊಮ್ಮಗನಿಗೆ ಪರಿಚಿತರ ಮನೆಯ ಮುದುಕಿಯೊಬ್ಬರು ‘ಖಾರ ಆದ್ರೆ ಸ್ವಲ್ಪ ತುಪ್ಪ ಹಾಕ್ಕೊಳ್ಳೋ’ ಎಂದರು. ಶಾಪ ಹೊಗಳಿಕೆಯಾದದ್ದು ಅವರಿಗೆ ಗೊತ್ತಾಗಲಿಲ್ಲ, ಆದರೆ ಉರಿಗೆ ತುಪ್ಪ ಎಂಬ ಪತ್ರಿಕೆಯ ಗಾದೆ ಅಲ್ಲಿ ಉಲ್ಟಾ ಹೊಡೆದು ನಿಜದ ಔಷಧವಾಯಿತು.

ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಠಾಣೆಗಳಲ್ಲಿ ಸಪ್ತಾಹ ನಡೆಯುತ್ತದೆ. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿ ತುಂಬಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಅರವತ್ತಾರು ಜನ ಸತ್ತರು, ಅವರ ನೆನಪಿಗೆ. ಅಂಥ ಒಂದು ಸಪ್ತಾಹದಲ್ಲಿ ಠಾಣೆಯೊಂದಕ್ಕೆ ಹೋಗಿದ್ದಾಗ, 101ಕ್ಕೆ ಕರೆ ಮಾಡಿದವರು ಏನೆನ್ನುತ್ತಾರೆ ಎಂದು ಅಲ್ಲಿನ ಹಿರಿಯರನ್ನು ಕೇಳಿದೆ. ‘ಬೆಂಕಿ ಬಿದ್ದಿದೆ, ಬೇಗ ಬನ್ನಿ ಅಂತಾರೆ ಸರ್, ಅಷ್ಟೇ. ಎಷ್ಟೋ ಜನ ವಿಳಾಸವನ್ನೇ ಹೇಳದೆ ಇಟ್ಟುಬಿಡುತ್ತಾರೆ.’ ಮತ್ತೆ ನೀವು? ‘ನಾವು ಮೂರೇ ಕೇಳೋದು. ಎಲ್ಲಿ? ಏನು ಉರೀತಿದೆ? ಒಳಗೆ ಯಾರಿದ್ದಾರೆ?’